ಫೋನು ಖಾಲಿ, ಖಾತೆ ಹಾಗೆಯೇ: ಫ್ಯಾಕ್ಟರಿ ರೀಸೆಟ್ ಅಳಿಸುವುದೇನು, ಉಳಿಸುವುದೇನು?

ಹಿರಿಯೂರು ತಾಲ್ಲೂಕು ಧರ್ಮಪುರ ಹೋಬಳಿಯ ಹರಿಯಬ್ಬೆಯಂಥ ಊರುಗಳಿಗೆ ಸ್ಮಾರ್ಟ್‌ಫೋನು ತಲುಪುವ ಬಗೆ ಒಂದೇ ತೆರನಲ್ಲ. ಕೆಲವರು ಹಿರಿಯೂರಿನ ಇಲ್ಲವೇ ಚಿತ್ರದುರ್ಗದ ಅಂಗಡಿಯಲ್ಲಿ ಹೊಸದನ್ನೇ ಕೊಳ್ಳುತ್ತಾರೆ. ಇನ್ನು ಕೆಲವರಿಗೆ ಬೆಂಗಳೂರಿನಲ್ಲಿ ದುಡಿಯುವ ಮಗನೋ ಮಗಳೋ ತಾವು ಹೊಸ ಫೋನು ತೆಗೆದುಕೊಂಡ ಮೇಲೆ ಹಳೆಯದನ್ನು ಹಬ್ಬಕ್ಕೆ ಬಂದಾಗ ಕೊಟ್ಟು ಹೋಗುತ್ತಾರೆ, ಅಥವಾ ಊರಿನ ಕಡೆ ಹೊರಟವರ ಕೈಯಲ್ಲಿ ಕಳುಹಿಸುತ್ತಾರೆ. ‘ಎಲ್ಲ ಅಳಿಸಿದ್ದೇನೆ, ಹೊಸದರ ಹಾಗೇ ಇದೆ’ ಎಂಬ ಮಾತು ಅದರ ಜೊತೆಗೆ ಬಂದೇ ಬರುತ್ತದೆ. ಹಾಗೆ ಅಳಿಸುವ ಕ್ರಿಯೆಗೆ ಫ್ಯಾಕ್ಟರಿ ರೀಸೆಟ್ ಎಂದು ಹೆಸರು. ಫೋನನ್ನು ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಗೆ ಮರಳಿಸುವುದು ಎಂಬುದು ಇದರ ಅರ್ಥ. ಅರ್ಥ ಸರಳವಾಗಿದ್ದರೂ ಎಡವಟ್ಟುಗಳು ಎರಡು ಬಗೆಯಲ್ಲಿ ಆಗುತ್ತಿರುತ್ತವೆ. ಉಳಿಯಬೇಕಾದದ್ದು ಅಳಿದುಹೋಗುವುದು ಒಂದು. ಅಳಿಯಿತೆಂದು ನಂಬಿದ್ದು ಉಳಿದುಕೊಂಡಿರುವುದು ಇನ್ನೊಂದು.

ಶೇಂಗಾ ಬೆಳೆಯುವ ಸೀಮೆಯವರಿಗೆ ಇದನ್ನು ಹೊಲದ ಹೋಲಿಕೆಯಿಂದ ಹೇಳುವುದೇ ಸುಲಭ. ಫೋನಿನೊಳಗಿನ ಫೋಟೊ, ಸಂದೇಶ, ಆಪ್‌ಗಳೆಲ್ಲ ಹೊಲದಲ್ಲಿ ನಿಂತ ಬೆಳೆಯಿದ್ದಂತೆ. ಫೋನಿಗೆ ಜೋಡಿಸಿದ ಗೂಗಲ್ ಅಥವಾ ಆಪಲ್ ಖಾತೆ ಪಹಣಿಯಲ್ಲಿರುವ ಹೆಸರಿನಂತೆ. ಫೋನಿನ 15 ಅಂಕಿಗಳ ಐಎಂಇಐ ಸಂಖ್ಯೆ ಆ ಜಮೀನಿನ ಸರ್ವೆ ನಂಬರಿನಂತೆ. ರೀಸೆಟ್ ಎಂಬುದು ಬೆಳೆಯನ್ನು ಬುಡಸಮೇತ ಕಿತ್ತು ಹೊಲವನ್ನು ಹಸನು ಮಾಡಿಕೊಡುತ್ತದೆ. ಅಷ್ಟರಿಂದಲೇ ಪಹಣಿಯ ಹೆಸರು ಬದಲಾಗದು. ಸರ್ವೆ ನಂಬರಂತೂ ಯಾರು ಉಳುಮೆ ಮಾಡಿದರೂ ಅದೇ.

ಅಳಿಯುವುದು ಹೇಗೆ?

ಸ್ಮಾರ್ಟ್‌ಫೋನಿನ ಸಂಗ್ರಹದಲ್ಲಿ ಸ್ಥೂಲವಾಗಿ ಎರಡು ಭಾಗಗಳಿವೆ. ಒಂದರಲ್ಲಿ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಂಡ್ರಾಯ್ಡ್ ಅಥವಾ ಐಒಎಸ್, ನೆಲೆಸಿರುತ್ತದೆ. ಇನ್ನೊಂದು ಭಾಗ ಬಳಕೆದಾರರದು. ರೀಸೆಟ್ ಈ ಎರಡನೆಯ ಭಾಗವನ್ನು ಮಾತ್ರ ಬರಿದು ಮಾಡುತ್ತದೆ. ಆದ್ದರಿಂದ ಆಂಡ್ರಾಯ್ಡ್ 11ರೊಂದಿಗೆ ಮಾರಾಟವಾಗಿ ಬಳಿಕ 13ಕ್ಕೆ ಏರಿದ ಫೋನನ್ನು ರೀಸೆಟ್ ಮಾಡಿದರೆ ಅದು 13ರಲ್ಲಿಯೇ ಏಳುತ್ತದೆ, 11ಕ್ಕೆ ಇಳಿಯುವುದಿಲ್ಲ. ‘ಅಪ್‌ಡೇಟ್ ಹಾಕಿದ ಮೇಲೆ ಫೋನು ನಿಧಾನವಾಯಿತು, ರೀಸೆಟ್ ಮಾಡಿ ಹಳೆಯದಕ್ಕೆ ಹೋಗೋಣ’ ಎಂಬ ಲೆಕ್ಕಾಚಾರ ಇಲ್ಲಿ ನಡೆಯದು. ಕಾರ್ಖಾನೆಯ ಸ್ಥಿತಿ ಎಂಬ ಹೆಸರು ಈ ಮಟ್ಟಿಗೆ ದಾರಿ ತಪ್ಪಿಸುವಂಥದೇ.

ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಅಳಿಸುವಿಕೆ ಬಹುಮಟ್ಟಿಗೆ ಹೆಸರಿಗಷ್ಟೇ ಇತ್ತು. ಪುಸ್ತಕದ ಪರಿವಿಡಿಯನ್ನು ಹರಿದುಹಾಕಿ ಒಳಗಿನ ಪುಟಗಳನ್ನು ಹಾಗೆಯೇ ಬಿಟ್ಟಂತೆ, ಕಡತಗಳ ವಿಳಾಸ ಮಾತ್ರ ಅಳಿದು ಕಡತಗಳು ಉಳಿದಿರುತ್ತಿದ್ದವು. 2014ರಲ್ಲಿ ಅವಾಸ್ಟ್ ಎಂಬ ಭದ್ರತಾ ತಂತ್ರಾಂಶ ಸಂಸ್ಥೆ ಇಬೇ ಜಾಲತಾಣದಲ್ಲಿ ಬಳಸಿದ 20 ಫೋನುಗಳನ್ನು ಕೊಂಡು ಪರೀಕ್ಷಿಸಿತು. ಹಿಂದಿನ ಮಾಲೀಕರು ಅಳಿಸಿದ್ದೇವೆಂದು ಭಾವಿಸಿದ್ದ 40,000ಕ್ಕೂ ಹೆಚ್ಚು ಫೋಟೊಗಳು ಅವುಗಳಿಂದ ಮರಳಿ ಬಂದವು. ಮರುವರ್ಷ, 2015ರಲ್ಲಿ, ಕೇಂಬ್ರಿಜ್ ವಿಶ್ವವಿದ್ಯಾಲಯದ ಲಾರೆಂಟ್ ಸೈಮನ್ ಮತ್ತು ರಾಸ್ ಆಂಡರ್ಸನ್ ಐದು ತಯಾರಕರ 21 ಫೋನುಗಳನ್ನು ಅಧ್ಯಯನ ಮಾಡಿ, ಸರಿಯಾಗಿ ಅಳಿಸಲಾಗದ ಫೋನುಗಳು ಜಗತ್ತಿನಲ್ಲಿ 50 ಕೋಟಿಯಷ್ಟು ಇರಬಹುದೆಂದು ಅಂದಾಜಿಸಿದರು. ಅವರು ನೋಡಿದ್ದು ಆಂಡ್ರಾಯ್ಡ್ 2.3ರಿಂದ 4.3ರವರೆಗಿನ ಆವೃತ್ತಿಗಳನ್ನು. ಅಷ್ಟು ಹಳೆಯ ಫೋನು ಈಗಲೂ ಮೇಜಿನ ಖಾನೆಯಲ್ಲಿ ಬಿದ್ದಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಈ ಮಾತು ನೆನಪಿರಲಿ. ಸೆಟ್ಟಿಂಗ್ಸ್‌ನಲ್ಲಿ ಫೋನನ್ನು ಎನ್‌ಕ್ರಿಪ್ಟ್ ಮಾಡುವ ಆಯ್ಕೆಯಿದ್ದರೆ ಮೊದಲು ಅದನ್ನು ಬಳಸಿ, ಆಮೇಲೆ ರೀಸೆಟ್ ಮಾಡುವುದು ಲೇಸು.

ಪರಿಸ್ಥಿತಿ ಬದಲಾದದ್ದು ಗೂಢಲಿಪೀಕರಣದಿಂದ, ಅಂದರೆ ಎನ್‌ಕ್ರಿಪ್ಶನ್‌ನಿಂದ. 2015ರ ಆಂಡ್ರಾಯ್ಡ್ 6ರ ಕಾಲದಿಂದ ಸಮರ್ಥ ಯಂತ್ರಾಂಶವಿದ್ದ ಹೊಸ ಫೋನುಗಳಿಗೆ ಇದು ಕಡ್ಡಾಯವಾಯಿತು. 2019ರ ಆಂಡ್ರಾಯ್ಡ್ 10ರೊಂದಿಗೆ ಬಂದ ಎಲ್ಲ ಫೋನುಗಳಿಗೂ ವಿಸ್ತರಿಸಿತು. ಇಂಥ ಫೋನಿನಲ್ಲಿ ಪ್ರತಿ ಕಡತವೂ ಗೂಢಲಿಪಿಯಲ್ಲಿಯೇ ಇರುತ್ತದೆ. ಅದನ್ನು ಓದಲು ಬೇಕಾದ ಕೀಲಿ ಫೋನಿನೊಳಗೇ ಭದ್ರವಾಗಿರುತ್ತದೆ. ರೀಸೆಟ್ ಮಾಡಿದಾಗ ಆ ಕೀಲಿ ನಾಶವಾಗುತ್ತದೆ. ತಿಜೋರಿಯನ್ನು ಒಡೆಯದೆ ಅದರ ಏಕಮಾತ್ರ ಕೀಲಿಯನ್ನು ಕುಲುಮೆಗೆ ಹಾಕಿದಂತೆ. 128 ಜಿಬಿ ಫೋನು ಕೆಲವೇ ನಿಮಿಷಗಳಲ್ಲಿ ‘ಖಾಲಿ’ಯಾಗುವ ಗುಟ್ಟು ಇದೇ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಈಚಿನ ಫೋನಿನಲ್ಲಿ ರೀಸೆಟ್ ಆದ ಮೇಲೆ ಹೋದದ್ದು ಹೋಯಿತು. ಹಣ ಕೊಟ್ಟರೆ ಎಲ್ಲವನ್ನೂ ಮರಳಿ ತೆಗೆದುಕೊಡುತ್ತೇವೆ ಎನ್ನುವ ಅಂಗಡಿಗಳೂ ತಂತ್ರಾಂಶಗಳೂ ಊರೂರಿನಲ್ಲಿವೆ. ಬೇರೆಡೆ ಪ್ರತಿಯಿದ್ದರೆ ಅದನ್ನು ಅವರು ಹುಡುಕಿಕೊಡಬಲ್ಲರೇ ಹೊರತು, ನಾಶವಾದ ಕೀಲಿಯನ್ನು ಯಾರೂ ಮರುಸೃಷ್ಟಿ ಮಾಡಲಾರರು.

ಅಳಿಸುವ ಮುನ್ನ

ಬ್ಯಾಕಪ್ ತೆಗೆದುಕೊಳ್ಳಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಯಾವುದು ಎಲ್ಲಿದೆ ಎಂದು ನೋಡುವವರು ಕಡಿಮೆ. ಪಟ್ಟಣದ ಓದುಗರು ಊರಿನಲ್ಲಿರುವ ತಂದೆತಾಯಿಯ ಫೋನನ್ನು ‘ತುಂಬಾ ನಿಧಾನವಾಗಿದೆ’ ಎಂದು ಒಂದು ಸಂಜೆ ಕುಳಿತು ಶುಚಿ ಮಾಡಿಕೊಡುವಾಗ ಹೆಚ್ಚಿನ ಹಾನಿ ನಡೆಯುವುದು ಇಲ್ಲಿಯೇ. ತಮ್ಮ ಫೋನಿನಲ್ಲಿ ಎಲ್ಲವೂ ತಾನಾಗಿ ಗೂಗಲ್‌ಗೆ ಹೋಗುತ್ತಿರುವುದರಿಂದ ತಂದೆಯ ಫೋನಿನಲ್ಲಿಯೂ ಹಾಗೆಯೇ ಇರುತ್ತದೆಂದು ಅವರು ಭಾವಿಸಿರುತ್ತಾರೆ.

ಮೊದಲು ಹೆಸರು, ನಂಬರುಗಳು. ಇವು ಗೂಗಲ್ ಖಾತೆಯಲ್ಲಿ, ಸಿಮ್‌ನಲ್ಲಿ ಅಥವಾ ಫೋನಿನ ಒಡಲಿನಲ್ಲಿ ಎಲ್ಲಿ ಬೇಕಾದರೂ ಇರಬಹುದು. ಖಾತೆಯಲ್ಲಿದ್ದರೆ ಮತ್ತೆ ಸೈನ್ ಇನ್ ಆದೊಡನೆ ಬರುತ್ತವೆ, ಸಿಮ್‌ನಲ್ಲಿದ್ದರೆ ಸಿಮ್ ಜೊತೆಗೇ ಉಳಿಯುತ್ತವೆ, ಫೋನಿನಲ್ಲಿದ್ದರೆ ಅಳಿಯುತ್ತವೆ. ಹೆಸರು ಸೇರಿಸುವಾಗ ‘ಎಲ್ಲಿ ಉಳಿಸಬೇಕು’ ಎಂಬ ಪ್ರಶ್ನೆಗೆ ‘ಫೋನ್’ ಎಂದು ಒತ್ತಿರುವ ಸಂಭವ ಹಳ್ಳಿಯ ಫೋನುಗಳಲ್ಲಿ ಬಹಳ. ಕಾಂಟ್ಯಾಕ್ಟ್ಸ್ ಆಪ್‌ನಲ್ಲಿರುವ ಎಕ್ಸ್‌ಪೋರ್ಟ್ ಸೌಲಭ್ಯದಿಂದ ಎಲ್ಲ ನಂಬರುಗಳನ್ನೂ ಒಂದೇ ಕಡತವಾಗಿಸಿ ಇನ್ನೊಂದು ಫೋನಿಗೆ ಕಳುಹಿಸಿದರೆ ಚಿಂತೆಯಿಲ್ಲ.

ಫೋಟೊಗಳು ಗೂಗಲ್ ಫೋಟೋಸ್‌ನಲ್ಲಿ ಕಾಣುತ್ತಿವೆ ಎಂದ ಮಾತ್ರಕ್ಕೆ ಅವು ಬ್ಯಾಕಪ್ ಆಗಿವೆ ಎಂದು ತಿಳಿಯಬಾರದು. ಆ ಆಪ್ ಫೋನಿನಲ್ಲಿರುವುದನ್ನೂ ಖಾತೆಯಲ್ಲಿರುವುದನ್ನೂ ಒಟ್ಟಿಗೇ ತೋರಿಸುತ್ತದೆ. ಉಚಿತವಾಗಿ ಸಿಗುವ 15 ಜಿಬಿ ಜಾಗ ಜಿಮೇಲ್, ಡ್ರೈವ್, ಫೋಟೊ ಎಲ್ಲಕ್ಕೂ ಸೇರಿದ್ದು. ಅದು ತುಂಬಿದ ದಿನದಿಂದ ಬ್ಯಾಕಪ್ ನಿಂತಿರುತ್ತದೆ. ನಂಬಬಹುದಾದ ಪರೀಕ್ಷೆ ಒಂದೇ. ಬೇರೊಂದು ಫೋನಿನಲ್ಲಿ ಅಥವಾ ಗಣಕದಲ್ಲಿ ಅದೇ ಖಾತೆಗೆ ಪ್ರವೇಶಿಸಿ, ಕಳೆದ ವಾರ ತೆಗೆದ ಫೋಟೊ ಅಲ್ಲಿ ಕಾಣುತ್ತಿದೆಯೇ ಎಂದು ನೋಡುವುದು. ಗುಪ್ತಪದ ನೆನಪಿದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ.

ಧ್ವನಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಕರೆಗಳ ರೆಕಾರ್ಡಿಂಗ್, ರೆಕಾರ್ಡರ್‌ನಲ್ಲಿ ಹಿಡಿದ ಮಾತು, ಹಾಡು ಇವು ಸಾಮಾನ್ಯವಾಗಿ ಫೋನಿನ ಒಳಸಂಗ್ರಹದ ಯಾವುದೋ ಫೋಲ್ಡರಿನಲ್ಲಿ ಇರುತ್ತವೆ. ಗೂಗಲ್ ಫೋಟೋಸ್ ಧ್ವನಿ ಕಡತಗಳನ್ನು ಮುಟ್ಟುವುದಿಲ್ಲ. ತೀರಿಹೋದ ಅಜ್ಜಿ ಹಬ್ಬಕ್ಕೆ ಯಾವಾಗ ಬರುತ್ತೀಯೆಂದು ಕೇಳಿದ ಒಂದು ಕರೆ ಮನೆಯವರಿಗೆ ಸಾವಿರ ಫೋಟೊಗಳಿಗಿಂತ ದೊಡ್ಡದಾಗಿರಬಹುದು. ಆ ಫೋಲ್ಡರನ್ನು ಕೈಯಾರೆ ಹುಡುಕಿ ಪೆನ್‌ಡ್ರೈವಿಗೋ ಗಣಕಕ್ಕೋ ನಕಲು ಮಾಡದ ಹೊರತು ಅದು ಉಳಿಯುವುದಿಲ್ಲ. ಫೋನಿನ ಮಾಲೀಕರನ್ನೇ ಕೂರಿಸಿಕೊಂಡು ‘ಇದರಲ್ಲಿ ಹೋಗಬಾರದ್ದು ಏನಿದೆ?’ ಎಂದು ಕೇಳುವುದಕ್ಕೆ ಐದು ನಿಮಿಷ ಸಾಕು.

ವಾಟ್ಸಾಪ್ ತನ್ನ ಬ್ಯಾಕಪ್ಪನ್ನು ತಾನೇ ನೋಡಿಕೊಳ್ಳುತ್ತದೆ, ಆದರೆ ಹೇಳಿದರೆ ಮಾತ್ರ. ಅದರ ಸೆಟ್ಟಿಂಗ್ಸ್‌ನಲ್ಲಿ ಚಾಟ್ ಬ್ಯಾಕಪ್ ತೆರೆದು, ಕೊನೆಯ ಬ್ಯಾಕಪ್ ಗೂಗಲ್ ಖಾತೆಗೆ ಯಾವಾಗ ಹೋಗಿದೆ ಎಂದು ನೋಡಬೇಕು. ಫೋನಿನಲ್ಲಿಯೇ ಉಳಿಸಿದ ಸ್ಥಳೀಯ ಬ್ಯಾಕಪ್ ರೀಸೆಟ್‌ನೊಂದಿಗೆ ಹೋಗುತ್ತದೆ. 2021ರಿಂದ ಈ ಬ್ಯಾಕಪ್ಪಿಗೂ ಗುಪ್ತಪದದ ಬೀಗ ಹಾಕುವ ಸೌಲಭ್ಯ ಬಂದಿದೆ. ಹಾಗೆ ಹಾಕಿದ ಗುಪ್ತಪದ ಮರೆತರೆ ವಾಟ್ಸಾಪ್‌ನವರಿಂದಲೂ ತೆರೆಯಲಾಗದು. ಬ್ಯಾಂಕು, ಮೇಲ್ ಖಾತೆಗಳಿಗೆ ಅಥೆಂಟಿಕೇಟರ್ ಆಪ್ ಬಳಸುವವರು ಅದನ್ನು ಮೊದಲು ಹೊಸ ಫೋನಿಗೆ ಸಾಗಿಸಬೇಕು.

ಕೃಷಿಕರ ಫೋನಿನಲ್ಲಿ ಇನ್ನೊಂದು ಇದೆ. ರಾಜ್ಯದಲ್ಲಿ 2020ರ ಮುಂಗಾರಿನಿಂದ ರೈತರೇ ತಮ್ಮ ಹೊಲದ ಬೆಳೆಯ ವಿವರವನ್ನು ಫೋಟೊ ಸಹಿತ ಬೆಳೆ ಸಮೀಕ್ಷೆ ಆಪ್ ಮೂಲಕ ದಾಖಲಿಸುವ ವ್ಯವಸ್ಥೆ ಬಂದಿತು. ಬೆಳೆ ಪರಿಹಾರ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿಗಳಿಗೆ ಈ ದಾಖಲೆ ಆಧಾರವಾಗುತ್ತದೆ. ಒಮ್ಮೆ ಸರ್ಕಾರದ ಗಣಕಕ್ಕೆ ತಲುಪಿದ ವಿವರಕ್ಕೆ ರೀಸೆಟ್‌ನಿಂದ ಯಾವ ಬಾಧೆಯೂ ಇಲ್ಲ. ನೆಟ್‌ವರ್ಕ್ ಸಿಗದೆ ಕಳುಹಿಸುವುದು ಬಾಕಿ ಉಳಿದಿದ್ದರೆ ಮಾತ್ರ ಅದು ಫೋನಿನೊಂದಿಗೇ ಹೋಗುತ್ತದೆ. ಬೆಳೆ ಕೊಯ್ದ ಮೇಲೆ ಅದೇ ಫೋಟೊವನ್ನು ಮತ್ತೆ ತೆಗೆಯಲು ಬರುವುದಿಲ್ಲ.

ಮೆಮೊರಿ ಕಾರ್ಡನ್ನು ರೀಸೆಟ್ ಸಾಮಾನ್ಯವಾಗಿ ಅಳಿಸುವುದಿಲ್ಲ. ಆದರೆ ಕಾರ್ಡನ್ನು ಫೋನಿನ ಒಳಸಂಗ್ರಹದ ಭಾಗವಾಗಿ ಸೇರಿಸಿದ್ದರೆ ಅಥವಾ ಫೋನಿನಿಂದಲೇ ಎನ್‌ಕ್ರಿಪ್ಟ್ ಮಾಡಿದ್ದರೆ, ರೀಸೆಟ್ ಆದ ಬಳಿಕ ಕಾರ್ಡು ಕೈಯಲ್ಲಿದ್ದೂ ಓದಲಾಗದು. ಕಾರ್ಡನ್ನೂ ಸಿಮ್ಮನ್ನೂ ಹೊರತೆಗೆದೇ ಕೆಲಸ ಆರಂಭಿಸಬೇಕೆನ್ನುವುದು ಒಳ್ಳೆಯ ರೂಢಿ, ಆದರೆ ಕಾರ್ಡಿನಲ್ಲಿರುವುದನ್ನು ಮೊದಲು ಬೇರೆಡೆ ನಕಲು ಮಾಡಿಟ್ಟ ಮೇಲೆ.

ಯುಪಿಐ ಬಗ್ಗೆ ಭಯ ಬೇಡ. ಹಣವಿರುವುದು ಬ್ಯಾಂಕಿನಲ್ಲಿ, ಫೋನಿನಲ್ಲಲ್ಲ. ರೀಸೆಟ್ ಬಳಿಕ ಅದೇ ಸಿಮ್ ಹಾಕಿ ಮತ್ತೆ ನೋಂದಾಯಿಸಿಕೊಂಡರಾಯಿತು. ಆ ನೋಂದಣಿಗೆ ಫೋನಿನಿಂದ ಒಂದು ಎಸ್ಸೆಮ್ಮೆಸ್ ಹೊರಡಬೇಕಾಗುತ್ತದೆಯಾದ್ದರಿಂದ ಸಿಮ್‌ನಲ್ಲಿ ರೀಚಾರ್ಜೂ ಊರಿನಲ್ಲಿ ಸಿಗ್ನಲ್ಲೂ ಇರತಕ್ಕದ್ದು. ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಹೆಚ್ಚು ಕಳುಹಿಸಲಾಗದು, ಆದ್ದರಿಂದ ಮದುವೆಯ ಖರೀದಿಗೋ ಗೊಬ್ಬರ ತರುವುದಕ್ಕೋ ಹೊರಡುವ ಹಿಂದಿನ ದಿನ ರೀಸೆಟ್ ಇಟ್ಟುಕೊಳ್ಳಬಾರದು. ಒಂದು ಅಪವಾದವಿದೆ. ಪಿನ್ ಇಲ್ಲದೆ ಸಣ್ಣ ಮೊತ್ತ ಪಾವತಿಸುವ ಯುಪಿಐ ಲೈಟ್‌ಗೆ ಹಾಕಿಟ್ಟ ಹಣ ಆ ಫೋನಿಗೆ ಕಟ್ಟುಬಿದ್ದಿರುತ್ತದೆ. ರೀಸೆಟ್‌ಗೆ ಮುನ್ನ ಲೈಟ್ ಸೌಲಭ್ಯವನ್ನು ಮುಚ್ಚಿದರೆ ಆ ಹಣ ಬ್ಯಾಂಕ್ ಖಾತೆಗೆ ಮರಳುತ್ತದೆ.

ಪಹಣಿಯ ಹೆಸರು

ಬೆಂಗಳೂರಿನಿಂದ ಹರಿಯಬ್ಬೆಗೆ ಬಂದ ಫೋನು ಕೆಲಸ ಮಾಡದೆ ಕೂರುವುದು ಹೆಚ್ಚಾಗಿ ಈ ಕಾರಣಕ್ಕೆ. ಊರಿನಲ್ಲಿ ಫೋನನ್ನು ಆನ್ ಮಾಡಿದರೆ, ಈ ಮೊದಲು ಇದರಲ್ಲಿದ್ದ ಗೂಗಲ್ ಖಾತೆಯಿಂದ ಪ್ರವೇಶಿಸಿ ಎಂಬ ಸಂದೇಶ ಮೂಡುತ್ತದೆ, ಮುಂದೆ ಹೋಗಲು ಬಿಡುವುದಿಲ್ಲ. ಖಾತೆ ಮಗನದು. ಖಾತೆಗೆ ಬರುವ ಒಟಿಪಿಯೂ ಅವನ ನಂಬರಿಗೇ.

ಇದು ದೋಷವಲ್ಲ, ಕಳ್ಳರಿಗಾಗಿ ಹಾಕಿದ ಬೀಗ. ಫೋನು ಕದ್ದವನು ರೀಸೆಟ್ ಮಾಡಿ ಹೊಸದರಂತೆ ಮಾರುವುದನ್ನು ತಡೆಯಲು ಆಪಲ್ 2013ರಲ್ಲಿ ಐಒಎಸ್ 7ರೊಂದಿಗೆ ಆಕ್ಟಿವೇಶನ್ ಲಾಕ್ ತಂದಿತು. 2015ರ ಆಂಡ್ರಾಯ್ಡ್ 5.1ರಲ್ಲಿ ಗೂಗಲ್ ಇಂಥದೇ ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್ ಅನ್ನು ಸೇರಿಸಿತು. ಯಾವ ಖಾತೆಯವರು ಫೋನಿನ ಒಡೆಯರೆಂಬ ಗುರುತನ್ನು ರೀಸೆಟ್ ಮುಟ್ಟದ ಪ್ರತ್ಯೇಕ ಜಾಗದಲ್ಲಿ ಇಡಲಾಗುತ್ತದೆ. ಗುಂಡಿಗಳನ್ನು ಒತ್ತಿ ಹೊರಗಿನಿಂದ ರೀಸೆಟ್ ಮಾಡಿದಾಗ ಫೋನು ಏಳುತ್ತಿದ್ದಂತೆ ಆ ಗುರುತನ್ನು ನೋಡಿ ಸಾಕ್ಷ್ಯ ಕೇಳುತ್ತದೆ.

ಆದ್ದರಿಂದ ಫೋನನ್ನು ಬೇರೆಯವರಿಗೆ ಕೊಡುವವರು ಮೊದಲು ಖಾತೆಯನ್ನು ತೆಗೆಯಬೇಕು, ಬಳಿಕ ಸೆಟ್ಟಿಂಗ್ಸ್ ಮೂಲಕವೇ ರೀಸೆಟ್ ಮಾಡಬೇಕು. ಸ್ಯಾಮ್‌ಸಂಗ್, ಶಿಯೋಮಿಯಂಥ ಕಂಪನಿಗಳ ಫೋನುಗಳಲ್ಲಿ ಗೂಗಲ್ ಅಲ್ಲದೆ ಆಯಾ ಕಂಪನಿಯ ಖಾತೆಯೂ ಇರಬಹುದು. ಅದಕ್ಕೂ ತನ್ನದೇ ಬೀಗವಿರುವುದರಿಂದ ಅದನ್ನೂ ತೆಗೆಯಬೇಕು. ಐಫೋನಿನಲ್ಲಿ ಸೆಟ್ಟಿಂಗ್ಸ್‌ನೊಳಗಿನ ಅಳಿಸುವ ಆಯ್ಕೆಯೇ ಆಪಲ್ ಖಾತೆಯ ಗುಪ್ತಪದ ಕೇಳಿ ಬೀಗವನ್ನು ಬಿಡಿಸುತ್ತದೆ. ಗೂಗಲ್ ಖಾತೆಯ ಗುಪ್ತಪದವನ್ನು ಈಗಷ್ಟೇ ಬದಲಾಯಿಸಿದ್ದರೆ ರೀಸೆಟ್‌ಗೆ ಮುನ್ನ 24 ಗಂಟೆ ಕಾಯುವಂತೆ ಗೂಗಲ್ ಹೇಳುತ್ತದೆ. ಮರೆತ ಗುಪ್ತಪದವನ್ನು ಬೆಳಿಗ್ಗೆ ಬದಲಿಸಿ ಮಧ್ಯಾಹ್ನ ರೀಸೆಟ್ ಮಾಡುವವರು ಸಿಕ್ಕಿಬೀಳುವುದು ಇಲ್ಲಿ.

ಫೋನು ಆಗಲೇ ಊರಿಗೆ ತಲುಪಿ ಬೀಗ ಬಿದ್ದಿದ್ದರೂ ದಾರಿಯಿದೆ. ಹಲವು ಆಂಡ್ರಾಯ್ಡ್ ಫೋನುಗಳು ಖಾತೆಯ ಬದಲು ಹಿಂದಿನ ಪರದೆಯ ಪಿನ್ ಅಥವಾ ಪ್ಯಾಟರ್ನ್ ಕೊಟ್ಟರೂ ಒಪ್ಪುತ್ತವೆ. ಮಗ ಕರೆ ಮಾಡಿ ತನ್ನ ಹಳೆಯ ಪಿನ್ ಹೇಳಿದರೆ ಅಲ್ಲಿಗೆ ಕೆಲಸ ಮುಗಿಯಬಹುದು. ಅದು ಆಗದಿದ್ದರೆ ಒಟಿಪಿಯನ್ನು ಆಗಿಂದಾಗಲೇ ಹಂಚಿಕೊಂಡು ಒಮ್ಮೆ ಪ್ರವೇಶಿಸಿ, ಬಳಿಕ ಖಾತೆ ತೆಗೆಯಬೇಕು. ಒಟಿಪಿಯನ್ನು ಯಾರಿಗೂ ಹೇಳಬಾರದೆಂಬ ನಿಯಮಕ್ಕೆ ಸ್ವಂತ ತಂದೆತಾಯಿ, ಅದೂ ತಾವೇ ಕರೆ ಮಾಡಿ ಮಾತಾಡುತ್ತಿರುವಾಗ, ಬಹುಶಃ ಇರುವ ಒಂದೇ ಅಪವಾದ. ಐಫೋನನ್ನಾದರೆ ಹಿಂದಿನ ಮಾಲೀಕರು ತಮ್ಮ ಐಕ್ಲೌಡ್ ಖಾತೆಯಿಂದ ದೂರದಲ್ಲಿದ್ದುಕೊಂಡೇ ಬಿಡಿಸಿಕೊಡಬಹುದು.

ಬೀಗ ಮುರಿದುಕೊಡುವ, ಅವರ ಮಾತಿನಲ್ಲಿ ಬೈಪಾಸ್ ಮಾಡುವ, ಅಂಗಡಿಗಳ ಕಾಲ ಕಳೆಯುತ್ತಿದೆ. 2024ರ ಆಂಡ್ರಾಯ್ಡ್ 15ರಿಂದ ಆರಂಭದ ಹಂತಗಳನ್ನು ಹೇಗೋ ದಾಟಿದರೂ, ಒಡೆತನ ಸಾಬೀತಾಗುವವರೆಗೆ ಹೊಸ ಖಾತೆ ಸೇರಿಸಲು, ಹೊಸ ಆಪ್ ಹಾಕಲು ಫೋನು ಬಿಡುವುದಿಲ್ಲ. ಕಂತಿನ ಸಾಲದ ಮೇಲೆ ಕೊಂಡ ಕೆಲವು ಫೋನುಗಳಲ್ಲಿ ಸಾಲ ಕೊಟ್ಟವರ ಬೀಗವೂ ಇರುತ್ತದೆ. ಕಂತು ತಪ್ಪಿದರೆ ಫೋನನ್ನು ನಿಲ್ಲಿಸುವ ಆ ವ್ಯವಸ್ಥೆ ರೀಸೆಟ್‌ಗೆ ಜಗ್ಗದಂತೆ ರೂಪಿಸಿದ್ದು. ಕಚೇರಿಯಿಂದ ಕೊಟ್ಟ ಫೋನುಗಳದೂ ಇದೇ ಕತೆ.

ಸರ್ವೆ ನಂಬರು

ಐಎಂಇಐ ಸಂಖ್ಯೆಯನ್ನು *#06# ಒತ್ತಿ ನೋಡಬಹುದು. ಎರಡು ಸಿಮ್ ಹಿಡಿಸುವ ಫೋನಿಗೆ ಎರಡು ಸಂಖ್ಯೆಗಳಿರುತ್ತವೆ. ರೀಸೆಟ್ ಇದನ್ನು ಮುಟ್ಟುವುದಿಲ್ಲ, ಸಿಮ್ ಬದಲಿಸಿದರೂ ಇದು ಬದಲಾಗುವುದಿಲ್ಲ. ಕಳುವಾದ ಫೋನು ಸಿಗುವುದು ಈ ಸಂಖ್ಯೆಯ ಬಲದಿಂದಲೇ. ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ವ್ಯವಸ್ಥೆಯಲ್ಲಿ ಪೊಲೀಸ್ ದೂರಿನ ವಿವರದೊಂದಿಗೆ ಐಎಂಇಐ ದಾಖಲಿಸಿದರೆ ಆ ಫೋನು ದೇಶದ ಯಾವ ಮೊಬೈಲ್ ಜಾಲದಲ್ಲಿಯೂ ನಡೆಯದಂತೆ ತಡೆಯಲಾಗುತ್ತದೆ. ಹೊಸ ಸಿಮ್ ಹಾಕಿ ಬಳಸಲು ಯತ್ನಿಸಿದರೆ ಸುಳಿವು ಪೊಲೀಸರಿಗೆ ಸಿಗುತ್ತದೆ. 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಜಾಲತಾಣದ ಮೂಲಕ ಇದನ್ನು ದೇಶಾದ್ಯಂತ ತೆರೆದಾಗ ಹೊರಬಂದ ಸರ್ಕಾರಿ ಪ್ರಕಟಣೆಯಲ್ಲಿಯೇ, ಕರ್ನಾಟಕ ಪೊಲೀಸರು ಈ ವ್ಯವಸ್ಥೆಯಿಂದ 2,500ಕ್ಕೂ ಹೆಚ್ಚು ಫೋನುಗಳನ್ನು ಪತ್ತೆಹಚ್ಚಿ ಮಾಲೀಕರಿಗೆ ಮರಳಿಸಿದ್ದರ ಉಲ್ಲೇಖವಿತ್ತು. ಆ ಫೋನುಗಳಲ್ಲಿ ಎಷ್ಟನ್ನು ಎಷ್ಟು ಸಲ ರೀಸೆಟ್ ಮಾಡಲಾಗಿತ್ತೋ, ಅದರಿಂದ ವ್ಯತ್ಯಾಸವೇನೂ ಆಗಲಿಲ್ಲ.

ಐಎಂಇಐ ಸಂಖ್ಯೆಯನ್ನೇ ತಿದ್ದಿಕೊಡುವವರೂ ಇದ್ದಾರೆ. 2023ರ ದೂರಸಂಪರ್ಕ ಕಾಯ್ದೆಯಂತೆ ಇದಕ್ಕೆ ಮೂರು ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು.

ಮಾಡಬಾರದ ಹೊತ್ತು

ಮೋಸಹೋದವರು ಗಾಬರಿಯಲ್ಲಿ ಮೊದಲು ಮಾಡುವ ಕೆಲಸಗಳಲ್ಲಿ ರೀಸೆಟ್ ಒಂದು. ಮದುವೆಯ ಆಮಂತ್ರಣ, ಸಂಚಾರ ದಂಡದ ಚಲನ್, ಪಿಎಂ ಕಿಸಾನ್ ಕಂತಿನ ವಿವರ ಎಂದೆಲ್ಲ ಹೆಸರಿಟ್ಟುಕೊಂಡು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಕಡತವನ್ನು ಒತ್ತಿದ ಬಳಿಕ ಹಣ ಹೋಗಿರುತ್ತದೆ. ಫೋನಿನಲ್ಲಿ ಏನೋ ಸೇರಿಕೊಂಡಿದೆ, ಎಲ್ಲ ಅಳಿಸಿಬಿಡೋಣ ಎನ್ನಿಸುವುದು ಸಹಜ. ಆದರೆ ಆ ಕಡತ, ಅದನ್ನು ಕಳುಹಿಸಿದ ನಂಬರು, ಬಂದ ಸಂದೇಶಗಳು, ಕರೆಗಳ ದಾಖಲೆ ಇವೇ ದೂರಿಗೆ ಆಧಾರ. ಅಳಿಸಿದರೆ ಮೋಸಗಾರನ ಹೆಜ್ಜೆಗುರುತನ್ನು ನಾವೇ ಗುಡಿಸಿ ಹಾಕಿದಂತಾಗುತ್ತದೆ.

ಇಂಥ ಹೊತ್ತಿನಲ್ಲಿ ಮೊದಲು ಫೋನಿನ ಡೇಟಾ, ವೈಫೈ ಎರಡನ್ನೂ ನಿಲ್ಲಿಸಬೇಕು. ಬೇರೊಂದು ಫೋನಿನಿಂದ 1930ಕ್ಕೆ ಕರೆ ಮಾಡಿ ವಿವರ ಕೊಡಬೇಕು, ಬ್ಯಾಂಕಿಗೆ ತಿಳಿಸಿ ವಹಿವಾಟು ತಡೆಸಬೇಕು. ಈ ಕರೆ ಎಷ್ಟು ಬೇಗ ಹೋಗುತ್ತದೋ ಹಣ ಮುಂದಕ್ಕೆ ಸಾಗುವ ಮೊದಲೇ ತಡೆಯುವ ಸಂಭವ ಅಷ್ಟು ಹೆಚ್ಚು. ಪರದೆಯ ಮೇಲಿನ ಸಂದೇಶಗಳನ್ನು ಇನ್ನೊಂದು ಫೋನಿನಿಂದ ಫೋಟೊ ತೆಗೆದಿಟ್ಟುಕೊಳ್ಳಬೇಕು. ದೂರು ದಾಖಲಾಗಿ, ಫೋನನ್ನು ನೋಡಬೇಕಾದವರು ನೋಡಿದ ಬಳಿಕ ರೀಸೆಟ್ ಮಾಡುವುದು ಸರಿಯೇ, ಅಗತ್ಯವೂ ಹೌದು.

ಕುತಂತ್ರಾಂಶಗಳನ್ನು ರೀಸೆಟ್ ಬಹುಪಾಲು ತೊಡೆದುಹಾಕುತ್ತದೆ. ಬಹುಪಾಲು ಎನ್ನಲು ಕಾರಣವಿದೆ. 2019ರಲ್ಲಿ ಬೆಳಕಿಗೆ ಬಂದ ಎಕ್ಸ್‌ಹೆಲ್ಪರ್ ಎಂಬ ಕುತಂತ್ರಾಂಶ ಸುಮಾರು 45,000 ಫೋನುಗಳಿಗೆ ಸೇರಿಕೊಂಡಿತ್ತೆಂದು ಸೈಮ್ಯಾಂಟೆಕ್ ಸಂಸ್ಥೆ ತಿಳಿಸಿತ್ತು. ಅದಕ್ಕೆ ಹೆಚ್ಚು ತುತ್ತಾದ ದೇಶಗಳಲ್ಲಿ ಭಾರತವೂ ಇತ್ತು. ರೀಸೆಟ್ ಮಾಡಿದರೂ ಅದು ಮರಳಿ ಬರುತ್ತಿತ್ತು. ಕಾರ್ಯಾಚರಣ ವ್ಯವಸ್ಥೆಯ ಭಾಗದೊಳಗೇ ಅದು ಬೇರು ಬಿಡುತ್ತಿತ್ತೆಂಬುದು ಆಮೇಲೆ ತಿಳಿಯಿತು. ರೀಸೆಟ್ ಆ ಭಾಗಕ್ಕೆ ಕೈಹಾಕುವುದಿಲ್ಲವೆಂದು ಮೇಲೆ ನೋಡಿದೆವು. ಅಂಥ ಫೋನಿಗೆ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಇಡೀ ತಂತ್ರಾಂಶವನ್ನು ಹೊಸದಾಗಿ ತುಂಬಿಸುವುದೇ ಪರಿಹಾರ.

ಕ್ರಮ

ಮಾಡುವ ವಿಧಾನ ಇಷ್ಟೆಲ್ಲ ಮಾತಿಗೆ ಹೋಲಿಸಿದರೆ ಚಿಕ್ಕದು. ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ, ಸಾಧ್ಯವಾದರೆ ಚಾರ್ಜರಿಗೆ ಹಾಕಿಯೇ ಇರಲಿ. ಮೂಲ ಆಂಡ್ರಾಯ್ಡ್ ಇರುವ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ರೀಸೆಟ್ ಆಯ್ಕೆಗಳು, ಅಲ್ಲಿ ಎಲ್ಲ ಡೇಟಾ ಅಳಿಸುವ ಆಯ್ಕೆ. ಸ್ಯಾಮ್‌ಸಂಗ್‌ನಲ್ಲಿ ಜನರಲ್ ಮ್ಯಾನೇಜ್‌ಮೆಂಟ್‌ನೊಳಗೆ ರೀಸೆಟ್. ಶಿಯೋಮಿಯಲ್ಲಿ ಅಬೌಟ್ ಫೋನ್ ಎಂಬಲ್ಲಿ. ಐಫೋನಿನಲ್ಲಿ ಜನರಲ್ ಕೆಳಗೆ ಕೊನೆಯಲ್ಲಿ. ಹುಡುಕಲು ಬೇಸರವಾದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕು ಪೆಟ್ಟಿಗೆಯಲ್ಲಿ ರೀಸೆಟ್ ಎಂದು ಟೈಪಿಸಿದರೆ ಸಾಕು. ಅಲ್ಲಿ ಸೆಟ್ಟಿಂಗ್ಸ್ ಮಾತ್ರ, ನೆಟ್‌ವರ್ಕ್ ಮಾತ್ರ ರೀಸೆಟ್ ಮಾಡುವ ಬೇರೆ ಆಯ್ಕೆಗಳೂ ಕಾಣುತ್ತವೆ. ಇಂಟರ್ನೆಟ್ ಬರುತ್ತಿಲ್ಲ, ಬ್ಲೂಟೂತ್ ಸೇರುತ್ತಿಲ್ಲ ಎಂಬ ತೊಂದರೆಗಳಿಗೆ ಅವುಗಳೇ ಸಾಕು. ಫೋಟೊ, ಸಂದೇಶಗಳಿಗೆ ಅವು ಕೈಹಾಕುವುದಿಲ್ಲ. ಇ-ಸಿಮ್ ಇರುವ ಫೋನು ಅದನ್ನೂ ಅಳಿಸಬೇಕೇ ಎಂದು ಕೇಳುತ್ತದೆ. ಫೋನು ನಿಮ್ಮಲ್ಲಿಯೇ ಉಳಿಯುವುದಾದರೆ ಬೇಡವೆನ್ನಿ.

ಫೋನು ಆನ್ ಆಗದೆ ಕಂಪನಿಯ ಚಿಹ್ನೆಯಲ್ಲಿಯೇ ನಿಂತಿದ್ದರೆ ರಿಕವರಿ ಮೋಡ್ ಉಳಿದ ದಾರಿ. ಫೋನು ಆಫ್ ಆಗಿರುವಾಗ ಪವರ್ ಗುಂಡಿಯನ್ನೂ ವಾಲ್ಯೂಮ್ ಗುಂಡಿಗಳಲ್ಲೊಂದನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ಯಾವ ಗುಂಡಿ ಎಂಬುದು ಮಾದರಿಗೆ ತಕ್ಕಂತೆ ಬದಲಾಗುತ್ತದೆ. ಸ್ಯಾಮ್‌ಸಂಗ್‌ನ ಈಚಿನ ಫೋನುಗಳಿಗೆ ಗಣಕಕ್ಕೆ ಜೋಡಿಸಿದ ಯುಎಸ್‌ಬಿ ತಂತಿಯೂ ಬೇಕಾಗುತ್ತದೆ. ಮೂಡುವ ಇಂಗ್ಲಿಷ್ ಪಟ್ಟಿಯಲ್ಲಿ ವೈಪ್ ಡೇಟಾ ಎಂಬಲ್ಲಿಗೆ ವಾಲ್ಯೂಮ್ ಗುಂಡಿಯಿಂದ ಇಳಿದು ಪವರ್ ಗುಂಡಿಯಿಂದ ಒಪ್ಪಿಗೆ ಕೊಡಬೇಕು. ಈ ದಾರಿಯಲ್ಲಿ ಖಾತೆಯ ಬೀಗ ಬಿದ್ದೇ ಬೀಳುತ್ತದೆ ಎಂಬುದನ್ನು ಮರೆಯಬಾರದು.

ಬಳಸಿದ ಫೋನು ಕೊಳ್ಳುವವರು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಹಿರಿಯೂರಿನ ಅಂಗಡಿಯಲ್ಲಾಗಲಿ, ಹಣ ಕೊಡುವ ಮುನ್ನ ಎರಡು ಕೆಲಸ ಮಾಡಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಟೈಪಿಸಿ, ಒಂದು ಜಾಗ ಬಿಟ್ಟು ಐಎಂಇಐ ಸಂಖ್ಯೆ ಬರೆದು 14422ಕ್ಕೆ ಎಸ್ಸೆಮ್ಮೆಸ್ ಕಳುಹಿಸಿದರೆ ಆ ಸಂಖ್ಯೆ ತಡೆಹಿಡಿದವುಗಳ ಪಟ್ಟಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಬಳಿಕ ಅಂಗಡಿಯಲ್ಲಿಯೇ ವೈಫೈಗೆ ಜೋಡಿಸಿ, ಮೊದಲ ಹಂತಗಳನ್ನೆಲ್ಲ ಮುಗಿಸಿ, ಮುಖಪುಟದವರೆಗೆ ಹೋಗಬೇಕು. ಹಳೆಯ ಖಾತೆಯನ್ನು ಕೇಳಿದರೆ ಆ ಫೋನನ್ನು ಅಲ್ಲಿಯೇ ಬಿಟ್ಟು ಬರುವುದು ಕ್ಷೇಮ.

ರೀಸೆಟ್ ಆದ ಫೋನು ಎದ್ದಾಗ ಹಳೆಯ ಬ್ಯಾಕಪ್ಪಿನಿಂದ ಮರಳಿ ತುಂಬಿಸಲೇ ಎಂದು ಕೇಳುತ್ತದೆ. ಅವಸರದಲ್ಲಿ ಬೇಡವೆಂದು ಮುಂದೆ ಹೋದರೆ ಆ ಪ್ರಶ್ನೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಬ್ಯಾಕಪ್ ತೆರೆಯಲು ಹಳೆಯ ಪರದೆಯ ಪಿನ್ನನ್ನೂ ಕೇಳಬಹುದು, ಆದ್ದರಿಂದ ಅದನ್ನು ಬರೆದಿಟ್ಟುಕೊಂಡಿರಬೇಕು. ಅದಕ್ಕೂ ಮೊದಲು, ತೀರ ಆರಂಭದ ಪರದೆಯಲ್ಲಿ, ಭಾಷೆಯ ಆಯ್ಕೆ ಬರುತ್ತದೆ. 2014ರ ಆಂಡ್ರಾಯ್ಡ್ 5ರಿಂದ ಆ ಪಟ್ಟಿಯಲ್ಲಿ ಕನ್ನಡವಿದೆ. ತಂದೆತಾಯಿಗೆಂದು ಸಿದ್ಧಪಡಿಸುವ ಫೋನಾದರೆ ಇಂಗ್ಲಿಷಿನ ಮೇಲೆ ಬೆರಳಿಡದೆ ಪಟ್ಟಿಯ ಕೆಳಭಾಗಕ್ಕೆ ಸರಿದು ನೋಡಿ.